ಹಾಲಿನ ಡಬ್ಬಿಯ ಹುಡುಗಿ

2021ರ ನವೆಂಬರ್ 16, ಮಂಗಳವಾರ. ಬೆಳಗ್ಗೆ ಒಂಬತ್ತು ಗಂಟೆ ನಲವತ್ತು ನಿಮಿಷಕ್ಕೆ ಮಲೇಷ್ಯಾದ ಕ್ಲಾಂಗ್ ಪೊಲೀಸ್ ಠಾಣೆಗೆ ಒಬ್ಬ ಹೆಂಗಸು ಏದುಸಿರು ಬಿಡುತ್ತ ಬಂದಳು. ಬಾಗಿಲಲ್ಲಿ ಜ್ವರ ನೋಡುವ ಯಂತ್ರಕ್ಕೆ ಹಣೆಯೊಡ್ಡಿ, ಫೋನಿನಲ್ಲಿ ಲಸಿಕೆಯ ದಾಖಲೆ ತೋರಿಸಿ, ಗಾಜಿನ ಆಚೆ ಕೂತಿದ್ದ ಕಾರ್ಪೊರಲ್ ಹಫೀಜನಿಗೆ ಒಂದೇ ಮಾತು ಹೇಳಿದಳು: "ನಮ್ಮ ಮ್ಯೂಸಿಯಮ್ಮಿನಿಂದ ಒಂದು ಚಿತ್ರ ಕಾಣೆಯಾಗಿದೆ. ಪೋಸ್ಟರಿನಲ್ಲಿ ಇದೆಯಲ್ಲ, ಅದೇ."

ಹಫೀಜ ಬರೆಯುವುದನ್ನು ನಿಲ್ಲಿಸಿ ತಲೆಯೆತ್ತಿದ. ಆ ಪೋಸ್ಟರು ಹದಿನೈದು ದಿನದಿಂದ ಊರಿನ ಪ್ರತಿ ಬಸ್ ನಿಲ್ದಾಣದಲ್ಲೂ ಇತ್ತು. ಎರಡು ಜಡೆಯ ಹುಡುಗಿ ಹಾಲಿನ ಡಬ್ಬಿ ಎತ್ತಿ ಹಿಡಿದು ನಗುತ್ತಾಳೆ. ವರ್ಷವಿಡೀ ಮಾಸ್ಕಿನ ಮುಖಗಳನ್ನೇ ನೋಡಿದ್ದ ಊರಿಗೆ ಆ ನಗು ಎಷ್ಟು ಹಿಡಿಸಿತ್ತೆಂದರೆ, ಹಫೀಜನ ಮಗಳೇ ಅದರ ಮುಂದೆ ನಿಂತು ಫೋಟೊ ಹೊಡೆಸಿಕೊಂಡಿದ್ದಳು. ಅವನು ಎದ್ದು ಒಳಕೋಣೆಯ ಬಾಗಿಲು ತಟ್ಟಿದ.

ಒಳಗಿದ್ದವಳು ಇನ್‌ಸ್ಪೆಕ್ಟರ್ ಚಾಮುಂಡಿ ಐತಪ್ಪ. ವಯಸ್ಸು ನಲವತ್ತೊಂದು, ಹುಟ್ಟಿ ಬೆಳೆದದ್ದು ಕ್ಲಾಂಗಿನಲ್ಲೇ. ಅಪ್ಪ ಐತಪ್ಪ ಪುತ್ತೂರಿನ ಕಡೆಯಿಂದ ಬಂದು ಬಂದರಿನಲ್ಲಿ ಮೂವತ್ತೊಂದು ವರ್ಷ ಕ್ರೇನ್ ಓಡಿಸಿದವನು. ಠಾಣೆಯಲ್ಲಿ ಅವಳ ಬಗ್ಗೆ ಒಂದು ಮಾತಿತ್ತು: ಚಾಮುಂಡಿ ಪುವಾನ್ ಕಟ್ಟಿದ ಫೈಲನ್ನು ಕೋರ್ಟಿನಲ್ಲಿ ಬಿಚ್ಚಲು ಬರುವುದಿಲ್ಲ. ಮೇಡಂ ಎನ್ನುವುದಕ್ಕೆ ಇಲ್ಲಿ ಪುವಾನ್ ಎನ್ನುತ್ತಾರೆ.

ದೂರುದಾರಳ ಹೆಸರು ಅಕ್ಷಯಾ. ಮೈಸೂರಿನವಳು, ಗಂಡನ ಕೆಲಸದ ಜೊತೆ ಬಂದು ಹತ್ತಿರದ ಊರು ಪುಚೊಂಗಿನಲ್ಲಿ ನೆಲೆಸಿದವಳು. ಹಳೆಯ ಗೋದಾಮೊಂದನ್ನು ಹೊಸದು ಮಾಡಿ ಕಟ್ಟಿದ 'ಸೆಲಾತ್' ಎಂಬ ಖಾಸಗಿ ಮ್ಯೂಸಿಯಮ್ಮಿನಲ್ಲಿ ಕಲಾಕೃತಿಗಳ ಲೆಕ್ಕ, ಜೋಪಾನ ಎಲ್ಲ ಅವಳದೇ. ಡಚ್ ಪಾಪ್ ಕಲಾವಿದ ಯೋಸ್ಟ್ ವೆರ್ಬೂಮ್‌ನ ಅರವತ್ತು ವರ್ಷಗಳ ಕೆಲಸವನ್ನು ಒಂದೆಡೆ ತೋರಿಸುವ ಪ್ರದರ್ಶನ ನವೆಂಬರ್ 12ರಂದು ಶುರುವಾಗಿತ್ತು. ಎಪ್ಪತ್ತೊಂದು ಕೃತಿಗಳು ರಾಟರ್‌ಡ್ಯಾಮಿನಿಂದ ಹಡಗಿನಲ್ಲಿ ಬಂದಿದ್ದವು. ಎಂಬತ್ತೈದರ ಮುದುಕ ವೆರ್ಬೂಮ್ ಮಾತ್ರ ರೋಗದ ಭಯಕ್ಕೆ ಮನೆಯಲ್ಲೇ ಉಳಿದಿದ್ದ.

"ಕಾಣೆಯಾದದ್ದು ಯಾವಾಗ ಗೊತ್ತಾಯ್ತು?"

"ಇವತ್ತು ಎಂಟೂವರೆಗೆ. ನಿನ್ನೆ ಸೋಮವಾರ, ನಮಗೆ ರಜೆ. ಗೋಡೆ ಮೇಲೆ ಒಂದು ಕಾರ್ಡ್ ಇತ್ತು, 'ತಾತ್ಕಾಲಿಕವಾಗಿ ತೆಗೆಯಲಾಗಿದೆ' ಅಂತ. ರಿಪೇರಿಗೋ ಫೋಟೊಗೋ ತೆಗೆದಾಗ ನಾವು ಹಾಕೋ ಕಾರ್ಡೇ ಅದು. ಗಾರ್ಡ್ ಅದನ್ನ ನೋಡಿ ಸುಮ್ಮನಾಗಿದ್ದಾನೆ. ಆದ್ರೆ ತೆಗೆಯೋಕೆ ಪರ್ಮಿಶನ್ ಕೊಡಬೇಕಾದವಳು ನಾನು. ನಾನು ಕೊಟ್ಟಿಲ್ಲ."

ಹತ್ತು ಗಂಟೆ ಐದು ನಿಮಿಷಕ್ಕೆ ಎಫ್‌ಐಆರ್ ದಾಖಲಾಯಿತು. ಮಲೇಷ್ಯಾದ ದಂಡ ಸಂಹಿತೆ, ಕಲಂ 380, ಕಟ್ಟಡದೊಳಗಿನ ಕಳವು.

ಹತ್ತೂವರೆಗೆ ಚಾಮುಂಡಿ ಮತ್ತು ಹಫೀಜ ಮ್ಯೂಸಿಯಮ್ಮಿನಲ್ಲಿದ್ದರು. ಮೊದಲ ಹಜಾರದಲ್ಲಿ ವೆರ್ಬೂಮ್‌ನ ಹರೆಯದ ಕೆಲಸ: ಆಳೆತ್ತರದ ಸೋಪಿನ ಪೆಟ್ಟಿಗೆಗಳು, ಬಾಗಿಲಿನಷ್ಟು ದೊಡ್ಡ ಬೆಂಕಿಪೊಟ್ಟಣ. ಎರಡನೆಯದರಲ್ಲಿ ಎಪ್ಪತ್ತರ ದಶಕ. ಸರಕು ಹಡಗು ಹತ್ತಿ ಪೂರ್ವದ ಬಂದರುಗಳನ್ನು ಸುತ್ತಿದ ಕಾಲದ್ದು. ಅಂಗಡಿ ಬೋರ್ಡು, ಬಿಸ್ಕತ್ತಿನ ಡಬ್ಬಿ, ಸಿನಿಮಾ ಬ್ಯಾನರಿನ ತುಂಡುಗಳನ್ನು ತಂದು, ಚೌಕಟ್ಟು ಹಾಕಿ, ತನ್ನ ರುಜು ಎಳೆದು, ಇದೂ ಕಲೆಯೇ ಎಂದು ಯುರೋಪಿಗೆ ಒಪ್ಪಿಸಿದವನು ಅವನು.

ಹಫೀಜ ಸುತ್ತ ನೋಡಿ ಮೆಲ್ಲಗೆ ಹೇಳಿದ, "ಪುವಾನ್, ಇದೆಲ್ಲ ನಮ್ಮ ಬೀದಿಬದಿಯ ಮಾಮಕ್ ಹೋಟೆಲಿನ ಬೋರ್ಡಿನ ಹಾಗೇ ಇದೆ."

"ಹೋಟೆಲಿನಲ್ಲಿ ಇದ್ದಾಗ ನಾವು ತಲೆಯೆತ್ತಿ ನೋಡಿದ್ದೀವಾ? ಅದಕ್ಕೇ ಇಲ್ಲಿ ತೂಗುಹಾಕಿದ್ದಾರೆ."

ಖಾಲಿ ಜಾಗ ಎರಡನೆಯ ಹಜಾರದ ನಡುಗೋಡೆಯಲ್ಲಿತ್ತು. ಪಕ್ಕದ ಫಲಕದಲ್ಲಿ ಹೀಗಿತ್ತು: ಯೋಸ್ಟ್ ವೆರ್ಬೂಮ್, ಹಾಲಿನ ಡಬ್ಬಿಯ ಹುಡುಗಿ, 1971, ತಗಡಿನ ಮೇಲೆ ಎನಾಮೆಲ್ ಬಣ್ಣ. ಅಗಲ ಅರವತ್ತು ಸೆಂಟಿಮೀಟರ್, ಎತ್ತರ ತೊಂಬತ್ತು. ವೆರ್ಬೂಮ್‌ನ ಹೆಸರನ್ನು ಲೋಕಕ್ಕೆ ಮುಟ್ಟಿಸಿದ ಕೃತಿ ಇದು ಎಂದೂ ಬರೆದಿತ್ತು.

ಇಲ್ಲಿನ ಕಾಗದಪತ್ರಗಳಲ್ಲಿ ಪಂಚನಾಮೆ ಎಂಬ ಶಬ್ದವಿಲ್ಲ. ಊರಿನ ಜಮೀನು ತಗಾದೆಯ ಕತೆ ಹೇಳುವಾಗ ಅಪ್ಪ ಬಳಸುತ್ತಿದ್ದ ಆ ಶಬ್ದವನ್ನು ಚಾಮುಂಡಿ ಮನಸ್ಸಿನಲ್ಲೇ ಇಟ್ಟುಕೊಂಡಿದ್ದಳು. ಗಾರ್ಡ್ ಮತ್ತು ಟಿಕೆಟ್ ಕೊಡುವ ಹೆಂಗಸನ್ನು ಸಾಕ್ಷಿಯಾಗಿ ನಿಲ್ಲಿಸಿಕೊಂಡು ಅವಳು ಪಂಚನಾಮೆ ಶುರುಮಾಡಿದಳು. ಗೋಡೆಯಲ್ಲಿ ನಾಲ್ಕು ತೂತು. ಸುತ್ತ ಸುಣ್ಣ ಒಂದಿಷ್ಟೂ ಕಿತ್ತಿಲ್ಲ. ನಾಲ್ಕು ಸ್ಕ್ರೂಗಳು ಸಣ್ಣ ಪ್ಲಾಸ್ಟಿಕ್ ಚೀಲದಲ್ಲಿ, ಚೀಲವನ್ನು ಗೋಡೆಗೇ ಟೇಪಿನಿಂದ ಅಂಟಿಸಲಾಗಿದೆ. ಚೀಲದ ಮೇಲೆ ಪೆನ್ನಿನಲ್ಲಿ '43' ಎಂದಿದೆ. ಅದು ಕೃತಿಯ ಸಂಖ್ಯೆ.

ಚಾಮುಂಡಿ ಆ ಚೀಲವನ್ನು ನೋಡುತ್ತ ನಿಂತಳು. ಕದ್ದವನಿಗೆ ಸ್ಕ್ರೂ ಏಕೆ ಬೇಕು? ಮತ್ತೆ ಹಾಕುವವನಿಗೆ ಮಾತ್ರ ಅದು ಬೇಕು.

"ಈ ಸ್ಕ್ರೂ ಬಿಚ್ಚೋಕೆ ಯಾವ ಸ್ಪ್ಯಾನರ್ ಬೇಕು?"

"ಸ್ಪೆಷಲ್ ಕೀ ಇದೆ ಮೇಡಂ," ಎಂದಳು ಅಕ್ಷಯಾ. "ಒಂದು ನನ್ನ ಲಾಕರಲ್ಲಿ, ಒಂದು ಚಿತ್ರ ತೂಗುಹಾಕಿದ ಟ್ರಾನ್ಸ್‌ಪೋರ್ಟ್ ಕಂಪನಿಯವರ ಹತ್ರ. ನನ್ನದು ಇದ್ದಲ್ಲೇ ಇದೆ."

ಹನ್ನೊಂದು ಇಪ್ಪತ್ತಕ್ಕೆ ಅವರು ಕ್ಯಾಮೆರಾ ಕೋಣೆಗೆ ಹೋದರು. ಅದನ್ನು ನೋಡಿಕೊಳ್ಳುವ ಎಂಜಿನಿಯರ್ ಫರ್ಹಾನ್ ಹುಬ್ಬಳ್ಳಿಯವನು. ಇನ್‌ಸ್ಪೆಕ್ಟರು ಅಕ್ಷಯಾಳ ಜೊತೆ ಕನ್ನಡದಲ್ಲಿ ಮಾತಾಡಿದ್ದು ಕೇಳಿ ಅವನ ಹೆದರಿಕೆ ಅರ್ಧ ಇಳಿಯಿತು.

"ಕ್ಯಾಮೆರಾ ಚೊಲೋನ ಅದಾವ್ರಿ ಮೇಡಮ್ಮರ. ಆದ್ರ ಮಾರಿ ಎಲ್ಲಿ ಕಾಣಬೇಕ್ರಿ? ಎಲ್ಲಾರೂ ಮಾಸ್ಕು, ಟೊಪಗಿ, ಮ್ಯಾಲೊಂದು ಪ್ಲಾಸ್ಟಿಕ್ ಪರದೆ."

ಸೋಮವಾರ ಬೆಳಗ್ಗೆ 10:52. ಬೂದು ಬಣ್ಣದ ಕೆಲಸದ ಬಟ್ಟೆ ತೊಟ್ಟವನೊಬ್ಬ ಹಜಾರಕ್ಕೆ ಬರುತ್ತಾನೆ. ಆತುರವಿಲ್ಲ. ಬಿಳಿ ಕೈಗವಸು ಹಾಕಿಕೊಂಡು, ಮೊದಲು ಕೆಳಗಿನ ಎರಡು ಸ್ಕ್ರೂ ಬಿಚ್ಚುತ್ತಾನೆ, ಆಮೇಲೆ ಮೇಲಿನವು. ಕೂಸನ್ನು ತೊಟ್ಟಿಲಿನಿಂದ ಎತ್ತುವ ಹಾಗೆ ತಗಡನ್ನು ಎತ್ತುತ್ತಾನೆ. ಆಮೇಲೆ ಅದನ್ನು ತಿರುಗಿಸಿ ಹಿಂಬದಿಯನ್ನು ನೋಡುತ್ತ ನಿಲ್ಲುತ್ತಾನೆ. ಹತ್ತು ಸೆಕೆಂಡು, ಇಪ್ಪತ್ತು, ನಲವತ್ತು.

"ನಿನ್ನೆ ಯಾರು ಬಂದಿದ್ರು?"

"ಟ್ರಾನ್ಸ್‌ಪೋರ್ಟಿನವರು ಮೂರು ಮಂದಿ ರೀ. ಖಾಲಿ ಪೆಟ್ಟಿಗಿ ಬಂದರಿನ ಗೋದಾಮಿಗೆ ಒಯ್ಯಾಕ. ಮೂವರದೂ ಒಂದ ನಮೂನಿ ಬಟ್ಟಿ."

ದಾಖಲೆ ಪುಸ್ತಕದಲ್ಲಿ ಮೂರು ಹೆಸರಿದ್ದವು: ಲಿಮ್, ರೊಸ್ಲಾನ್, ಜಯರಾಮ. ಸೋಮವಾರ 11:20ಕ್ಕೆ ಹನ್ನೆರಡು ಖಾಲಿ ಪೆಟ್ಟಿಗೆಗಳು ಹೊರಗೆ ಹೋಗಿದ್ದವು. ಖಾಲಿ ಪೆಟ್ಟಿಗೆಯನ್ನು ತೆರೆದು ನೋಡುವ ಗೋಜಿಗೆ ಯಾರೂ ಹೋಗಿರಲಿಲ್ಲ.

ಚಾಮುಂಡಿ ಮಾತ್ರ ಇನ್ನೂ ಪರದೆಯನ್ನೇ ನೋಡುತ್ತಿದ್ದಳು. ಚಿತ್ರದ ಮುಖ ಬಿಟ್ಟು ಬೆನ್ನನ್ನು ಅಷ್ಟು ಹೊತ್ತು ಯಾರು ನೋಡುತ್ತಾರೆ?

"ಹಿಂಬದಿಯಲ್ಲಿ ಏನಿದೆ?"

ಪೆಟ್ಟಿಗೆಯಿಂದ ತೆಗೆದ ದಿನವೇ ಪ್ರತಿ ಕೃತಿಯ ಎರಡೂ ಬದಿಯ ಫೋಟೊ ತೆಗೆದು ವರದಿ ಬರೆಯುವುದು ಮ್ಯೂಸಿಯಮ್ಮಿನ ಪದ್ಧತಿ. ಕೃತಿ 43ರ ಹಿಂಬದಿಯ ಬಗ್ಗೆ ಹಾಲೆಂಡಿನಿಂದ ಬಂದ ವರದಿಯಲ್ಲಿ ಒಂದೇ ಸಾಲಿತ್ತು: 'ತುಕ್ಕು, ಕೆಳಮೂಲೆಯಲ್ಲಿ ಗೀರುಗಳು, ಬಹುಶಃ ಅಲಂಕಾರ.' ಅಕ್ಷಯಾ ಆ ಸಾಲನ್ನು ಹಾಗೇ ನಕಲು ಮಾಡಿದ್ದಳು. ಫೋಟೊ ತೆಗೆದವರು ಬೇರೆ. ಅವಳು ಅದನ್ನು ದೊಡ್ಡದು ಮಾಡಿ ನೋಡಿರಲಿಲ್ಲ.

ಚಾಮುಂಡಿ ದೊಡ್ಡದು ಮಾಡಿದಳು. ಮೊಳೆಯಲ್ಲಿ ಗೀರಿದ ಅಕ್ಷರಗಳು, ಅರ್ಧ ಶತಮಾನದ ತುಕ್ಕಿನೊಳಗಿಂದ ಒಂದೊಂದಾಗಿ ಕಣ್ಣಿಗೆ ಬಿದ್ದವು. ಅಪ್ಪ ಭಾನುವಾರಗಳಂದು ಬಂದರಿನ ಹಳೆಯ ರಸೀದಿಗಳ ಬೆನ್ನಿನಲ್ಲಿ ತಿದ್ದಿಸುತ್ತಿದ್ದ ಅಕ್ಷರಗಳೇ ಅವು. ಶಾಲೆಯಲ್ಲಿ ಎಲ್ಲಿಯೂ ಬಾರದ, ಪರೀಕ್ಷೆಗೆ ಬೇಡದ ಆ ಅಕ್ಷರಗಳನ್ನು ಕಲಿಯುವುದಿಲ್ಲವೆಂದು ಅವಳು ಎಷ್ಟು ಹಟ ಮಾಡಿದ್ದಳು! ಅವಳು ಗಟ್ಟಿಯಾಗಿ ಓದಿದಳು:

"ಬರೆದವಳು ಚಂಪಾ. ೧೯೭೧."

ಅಕ್ಷಯಾ ಪರದೆಯ ಹತ್ತಿರಕ್ಕೆ ಬಾಗಿದಳು. "ಕನ್ನಡ..." ಎಂದಳು. "ಮೇಡಂ, ನನ್ನ ಫೈಲಲ್ಲೇ ಇತ್ತು. ನಾನು ಮೈಸೂರಿನವಳು. ನೋಡಲೇ ಇಲ್ಲ."

"ಈಗ ನೋಡಿದ್ರಲ್ಲ. ಇದರ ಒಂದು ಪ್ರತಿ ನನಗೆ ಬೇಕು, ರುಜು ಹಾಕಿ ಕೊಡಿ."

ಮಧ್ಯಾಹ್ನ ಒಂದು ಗಂಟೆಗೆ ಅವರು ಕ್ಲಾಂಗ್ ಬಂದರಿನ ಗೋದಾಮಿನಲ್ಲಿದ್ದರು. ಲಿಮ್ ಸೋಮವಾರ ಬೆಳಗ್ಗೆ ಹತ್ತೂಮುಕ್ಕಾಲರಿಂದ ಹನ್ನೊಂದೂಕಾಲರವರೆಗೆ ಲಾರಿಯ ಬಳಿ ಪೆಟ್ಟಿಗೆ ಎಣಿಸಿ ರುಜು ಹಾಕಿದ್ದ. ರೊಸ್ಲಾನ್ ಅದೇ ಹೊತ್ತಿಗೆ ಮೂರನೆಯ ಹಜಾರದಲ್ಲಿ ಗಾರ್ಡಿನ ಎದುರೇ ಏಣಿ ಮಡಚುತ್ತಿದ್ದ. ಉಳಿದವನು ಜಯರಾಮ. ನಲವತ್ತೆಂಟು ವರ್ಷ, ಇಪ್ಪತ್ತು ವರ್ಷದ ಕೆಲಸದಲ್ಲಿ ಒಂದು ಗಾಜೂ ಒಡೆಯದವನು. ಮಂಗಳವಾರ ರಜೆ ಹಾಕಿದ್ದ. ಏಳನೆಯ ಪೆಟ್ಟಿಗೆಯೊಳಗೆ ಮೆತ್ತನೆಯ ಕಾಗದ ಹೊಸದಾಗಿ ಹಾಸಿದ್ದು ಕಂಡಿತು. ಹಫೀಜ ಅದರ ಫೋಟೊ ತೆಗೆದ.

"ಅವನ ಮನೆಯಲ್ಲಿ ಯಾರಿದ್ದಾರೆ?" ಎಂದು ಚಾಮುಂಡಿ ಮೇಸ್ತ್ರಿಯನ್ನು ಕೇಳಿದಳು.

"ತಾಯಿ ಒಬ್ಬರೇ. ಪುಚೊಂಗಿನ ಫ್ಲ್ಯಾಟ್."

"ಈ ಚಿತ್ರದ ಬಗ್ಗೆ ಏನಾದರೂ ಹೇಳಿದ್ದನಾ?"

ಮೇಸ್ತ್ರಿ ತಲೆ ಕೆರೆದುಕೊಂಡ. "ಪೆಟ್ಟಿಗೆ ಬಿಚ್ಚಿದ ದಿನ ಇದು ನಮ್ಮಮ್ಮ ಬರೆದದ್ದು ಅಂದ. ನಾವೆಲ್ಲ ನಕ್ಕುಬಿಟ್ಟೆವು."

ತಪಾಸಣೆಗೆ ಬೇಕಾದ ಕಾಗದಗಳನ್ನು ಸಿದ್ಧಮಾಡಿಕೊಂಡು, ಮಧ್ಯಾಹ್ನ ಮೂರು ಗಂಟೆ ಐವತ್ತು ನಿಮಿಷಕ್ಕೆ ಅವರು ಪುಚೊಂಗಿನ ಆ ಫ್ಲ್ಯಾಟಿನ ಆರನೆಯ ಮಹಡಿ ಹತ್ತಿದರು. ಅಕ್ಕಪಕ್ಕದ ಮನೆಯ ಇಬ್ಬರು ಸಾಕ್ಷಿಗಳು ಜೊತೆಗಿದ್ದರು. ಬಾಗಿಲು ತೆರೆದ ಜಯರಾಮ ಸಮವಸ್ತ್ರ ನೋಡಿ ಪಕ್ಕಕ್ಕೆ ಸರಿದ. ಓಡಲಿಲ್ಲ, ಸುಳ್ಳು ಹೇಳಲಿಲ್ಲ.

ಕಿಟಕಿಯ ಬೆಳಕು ಬೀಳುವ ಜಾಗದಲ್ಲಿ ಒಂದು ಕುರ್ಚಿ. ಅದರ ಮೇಲೆ ಒಗೆದ ಬಿಳಿ ಚಾದರ ಹಾಸಿ ಹುಡುಗಿಯನ್ನು ಕೂರಿಸಲಾಗಿತ್ತು. ಎದುರಿಗೆ ಮತ್ತೊಂದು ಕುರ್ಚಿಯಲ್ಲಿ ಒಬ್ಬ ಮುದುಕಿ. ಎಪ್ಪತ್ತನಾಲ್ಕು ವರ್ಷ, ಕಡ್ಡಿಯಂಥ ದೇಹ, ಮೂಗಿನ ಮೇಲೆ ದಪ್ಪ ಕನ್ನಡಕ. ಅವರ ಎರಡೂ ಕೈಗೆ ಬಿಳಿ ಹತ್ತಿಯ ಗವಸು.

"ಯಾರು ಮಗಾ?"

"ಪೊಲೀಸ್ ಅಮ್ಮ," ಎಂದ ಜಯರಾಮ.

ಚಾಮುಂಡಿ ಕನ್ನಡದಲ್ಲಿ ಕೇಳಿದಳು, "ನೀವು ಚಂಪಮ್ಮ ಅಲ್ವಾ?"

ಮುದುಕಿ ಕನ್ನಡಕ ಸರಿಮಾಡಿಕೊಂಡು ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಹೌದು ಮಾರಾಯ್ತಿ. ನೋಡು ಇವನ ಬುದ್ಧಿ, ಬರಿಗೈಯಲ್ಲಿ ಮುಟ್ಟಬಾರದಂತೆ. ನಾನೇ ಬರೆದದ್ದನ್ನು ನಾನೇ ಮುಟ್ಟಬಾರದಂತೆ!"

"ಯಾವಾಗ ಬರೆದದ್ದು?"

"ಇವನು ಹುಟ್ಟುವ ಮೊದಲು. ಯಜಮಾನರಿಗೆ ಕ್ಲಾಂಗಿನಲ್ಲಿ ಬೋರ್ಡು ಬರೆಯುವ ಅಂಗಡಿ ಇತ್ತು. ಅವರ ಕೈ ನಡುಗ್ಲಿಕ್ಕೆ ಶುರುವಾಯ್ತು. ಮತ್ತೆ ಬರೆದದ್ದೆಲ್ಲ ನಾನು. ಹೆಸರು ಮಾತ್ರ ಅವರದ್ದು. ಇದನ್ನು ಒಣಗ್ಲಿಕ್ಕೆ ಬಾಗಿಲಲ್ಲಿ ಇಟ್ಟಿದ್ದೆ. ಹಡಗಿನಿಂದ ಇಳಿದ ಬಿಳಿಯನೊಬ್ಬ ಬಂದ, ಯಜಮಾನರು ಕೊಟ್ಟುಬಿಟ್ಟರು. ನಾನು ಒಳಗೆ ಅನ್ನಕ್ಕೆ ಇಡ್ತಾ ಇದ್ದೆ."

"ಹೆಸರನ್ನು ಹಿಂದೆ ಯಾಕೆ ಗೀರಿದ್ರಿ?"

"ಎದುರಿಗೆ ಹಾಕಿದ್ರೆ ಬೈತಿದ್ರು. ಹಿಂದೆ ಹಾಕಿದ್ರೆ ಗೋಡೆಗೆ ಮಾತ್ರ ಗೊತ್ತು."

"ಈ ಹುಡುಗಿ ಯಾರು?"

"ಯಾರೂ ಅಲ್ಲ. ನಗು ಹೇಗಿರಬೇಕು ಅಂತ ನನಗೆ ಗೊತ್ತಿತ್ತು, ಬರೆದೆ." ಚಂಪಮ್ಮ ಗವಸಿನ ಬೆರಳನ್ನು ಚಿತ್ರದ ಮೇಲ್ಮೂಲೆಗೆ ಚಾಚಿದರು. ಅಲ್ಲಿ ವೆರ್ಬೂಮ್‌ನ ಕೆಂಪು ರುಜು ದೊಡ್ಡದಾಗಿ ಹರಡಿತ್ತು. "ಇದು ನಂದಲ್ಲ. ಬ್ರಷ್ ಹಿಡೀಲಿಕ್ಕೆ ಬಾರದವನ ಅಕ್ಷರ."

ಹಫೀಜನಿಗೆ ಭಾಷೆ ತಿಳಿಯದಿದ್ದರೂ ನಗು ಬಂತು. ಚಾಮುಂಡಿ ನಗಲಿಲ್ಲ. ಚೀಲದಿಂದ ಬಿಳಿ ಹಾಳೆ ತೆಗೆದು ಮುದುಕಿಯ ಮುಂದೆ ಇಟ್ಟಳು. "ಹಿಂದೆ ಬರೆದದ್ದನ್ನೇ ಇಲ್ಲಿ ಬರೀರಿ. ಮೂರು ಸಲ."

ಚಂಪಮ್ಮ ಗವಸು ಕಿತ್ತು ಬದಿಗಿಟ್ಟು ಬರೆದರು. ಕೈ ಒಂದಿಷ್ಟೂ ಅಳುಕಲಿಲ್ಲ. ಚ ಅಕ್ಷರದ ಹೊಟ್ಟೆಯನ್ನು ಗುಂಡಗೆ ತುಂಬಿ, ಬಾಲವನ್ನು ಉದ್ದಕ್ಕೆ ಎಳೆಯುವ ರೀತಿ ಫೋಟೊದಲ್ಲಿದ್ದ ಹಾಗೇ ಇತ್ತು. ಮೂರು ಸಲವೂ ಅಷ್ಟೇ. ಚಾಮುಂಡಿ ಸಾಕ್ಷಿಗಳ ರುಜು ಹಾಕಿಸಿ ಹಾಳೆಯನ್ನು ಲಕೋಟೆಗೆ ಸೇರಿಸಿದಳು. ಕಳವಿನ ಕೇಸಿಗೆ ಅದು ಬೇಕೇಬೇಕೆಂದಿರಲಿಲ್ಲ. ಆದರೂ ಸೇರಿಸಿದಳು.

ಆಮೇಲೆ ಜಯರಾಮನ ಕಡೆ ತಿರುಗಿದಳು.

"ತೆಗೆದದ್ದು ನೀನೇ?"

"ನಾನೇ."

"ಯಾರಿಗಾದರೂ ಮಾರೋಕಾ?"

ಅವನ ಮುಖ ಕೆಂಪಾಯಿತು. "ಅಮ್ಮನ ಚಿತ್ರ ಮಾರುವುದಾ? ನಾಳೆ ವಾಪಸ್ ಇಡ್ತಿದ್ದೆ. ಇನ್ನೂ ನಾಲ್ಕು ಪೆಟ್ಟಿಗೆ ತರ್ಲಿಕ್ಕೆ ಉಂಟು. ಸ್ಕ್ರೂ ಅಲ್ಲೇ ಇಟ್ಟು ಬಂದಿದ್ದೇನೆ."

"ಕೇಳಬಹುದಿತ್ತಲ್ಲ."

"ಕೇಳಿದ್ದೆ. ಅಮ್ಮನಿಗೆ ಮೊದಲ ಲಸಿಕೆ ಹಾಕಿದಾಗ ಮೈಯೆಲ್ಲ ಬಾತು ಆಸ್ಪತ್ರೆಗೆ ಸೇರಿಸ್ಬೇಕಾಯ್ತು. ಎರಡನೇದು ಬೇಡ ಅಂದ್ರು ಡಾಕ್ಟ್ರು. ಎರಡೂ ಆಗದವರನ್ನು ಮ್ಯೂಸಿಯಮ್ಮಿಗೆ ಬಿಡುವುದಿಲ್ಲ. ಎರಡು ಸಲ ಮೇಲ್ ಹಾಕಿದೆ, ಒಂದು ಗಳಿಗೆ ಬಿಡಿ, ರಜೆಯ ದಿನವಾದರೂ ಬಿಡಿ ಅಂತ. ಎರಡು ಸಲವೂ ಒಂದೇ ಉತ್ತರ, ಮೆಷಿನ್ ಕಳಿಸುವಂಥದ್ದು. ಅಮ್ಮನ ಕಣ್ಣಿಗೆ ಪೊರೆ ದಪ್ಪ ಆಗ್ತಾ ಉಂಟು. ಪ್ರದರ್ಶನ ಮುಗಿದ್ರೆ ಇದು ಮತ್ತೆ ಹಾಲೆಂಡಿಗೆ ಹೋಗ್ತದೆ." ಅವನು ಕುರ್ಚಿಯ ಮೇಲಿನ ಚಾದರದ ಮಡಿಕೆ ಸರಿಮಾಡಿದ. "ಅಮ್ಮ ಅಲ್ಲಿಗೆ ಹೋಗ್ಲಿಕ್ಕಾಗ್ಲಿಲ್ಲ. ಅದಕ್ಕೆ ಇಲ್ಲಿಗೆ ತಂದೆ."

ನಾಲ್ಕು ಗಂಟೆ ನಲವತ್ತು ನಿಮಿಷಕ್ಕೆ ಅವನನ್ನು ಬಂಧಿಸಲಾಯಿತು. ಅಕ್ಷಯಾ ಸ್ವತಃ ಬಂದು ತಗಡನ್ನು ಪರೀಕ್ಷಿಸಿ, ಒಂದು ಗೀರೂ ಹೆಚ್ಚಾಗಿಲ್ಲ ಎಂದು ಬರೆದುಕೊಟ್ಟಳು. ಜಯರಾಮ ಹಾಕಿದ್ದ ಆ ಎರಡು ಇಮೇಲ್‌ಗಳನ್ನು ಫೋನಿನಲ್ಲಿ ಹುಡುಕಿ ಓದಿದ ಮೇಲೆ ಅವಳಿಗೆ ಚಂಪಮ್ಮನ ಮುಖ ನೋಡಲಾಗಲಿಲ್ಲ.

ಮೆಟ್ಟಿಲಿಳಿಯುವಾಗ ಹಫೀಜ ಹಿಂದೆ ಉಳಿದು ಕೇಳಿದ, "ಪುವಾನ್, ವಸ್ತು ಸಿಕ್ಕಿತಲ್ಲ. ಮ್ಯೂಸಿಯಮ್ಮಿನವರೂ ಕರಗಿದ್ದಾರೆ. ಇಲ್ಲಿಗೇ ಬಿಟ್ಟುಬಿಟ್ಟರೆ?"

"ಬಿಟ್ಟರೆ ಇದೊಂದು ಕಟ್ಟುಕತೆ ಆಗುತ್ತೆ, ಹಫೀಜ. ಮೇಸ್ತ್ರಿ ನಕ್ಕ ಹಾಗೆ ನಾಳೆ ಎಲ್ಲರೂ ನಗ್ತಾರೆ. ಫೈಲ್ ಆದರೆ ಯಾರೂ ನಗೋಕಾಗಲ್ಲ. ಅವನು ತಪ್ಪು ಮಾಡಿದ, ಅದೂ ಅದರಲ್ಲಿ ಇರಲಿ. ಅವನ ತಾಯಿ ಚಿತ್ರ ಬರೆದರು, ಅದೂ ಇರಲಿ."

ಮರುದಿನ ಬುಧವಾರ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಿ, ಜಾಮೀನಿನ ಮೇಲೆ ಜಯರಾಮನನ್ನು ಮನೆಗೆ ಕಳಿಸಲಾಯಿತು. ಅದೇ ದಿನ ಸಂಜೆ ವೆರ್ಬೂಮ್‌ನ ಜೊತೆ ವಿಡಿಯೊ ಕರೆ. ಚಾಮುಂಡಿ ಹಿಂಬದಿಯ ಫೋಟೊ, ಕೈಬರಹದ ಹಾಳೆ, ಎರಡನ್ನೂ ಪರದೆಗೆ ಹಿಡಿದು ಓದಿ ಹೇಳಿದಳು. ಮುದುಕ ಪರದೆಗೆ ಮುಖ ಹತ್ತಿರ ತಂದು ಎರಡನ್ನೂ ನೋಡಿದ. "ಅಂಗಡಿಯಲ್ಲಿದ್ದ ಗಂಡಸು ಬರೆದದ್ದು ಅಂದುಕೊಂಡಿದ್ದೆ," ಎಂದ ಕೊನೆಗೆ. "ಅವನ ಹೆಸರನ್ನೂ ಕೇಳಲಿಲ್ಲ. ನನ್ನ ಜೀವಮಾನದ ಕೆಲಸದಲ್ಲಿ ಜನ ಹೆಚ್ಚು ಪ್ರೀತಿಸಿದ್ದು ಆ ನಗುವನ್ನೇ. ಅದು ನನ್ನದಲ್ಲ. ಫಲಕ ಬದಲಿಸಿ. ಅವರ ಹೆಸರು ಮೊದಲು ಬರಲಿ."

ಡಿಸೆಂಬರಿನಲ್ಲಿ ಜಯರಾಮ ತಪ್ಪೊಪ್ಪಿಕೊಂಡ. ಹಿಂದೆ ಒಂದೂ ಕೇಸಿಲ್ಲದ್ದನ್ನೂ, ವಸ್ತು ಕೆಡದೆ ಮರಳಿದ್ದನ್ನೂ ನೋಡಿ, ಒಳ್ಳೆಯ ನಡತೆಯ ಮುಚ್ಚಳಿಕೆ ಬರೆಸಿಕೊಂಡು ನ್ಯಾಯಾಲಯ ಅವನನ್ನು ಬಿಟ್ಟಿತು. ಕೆಲಸ ಮಾತ್ರ ಹೋಯಿತು. ಅವನೇಕೆ ಕದ್ದ ಎಂಬ ಪ್ರಶ್ನೆಗೆ ಉತ್ತರವೆಂದು ನ್ಯಾಯಾಧೀಶರು ಓದಿಸಿದ್ದು, ನವೆಂಬರ್ 19ರ ಶುಕ್ರವಾರ ದಾಖಲಾದ ಒಂದು ಸಾಕ್ಷಿ ಹೇಳಿಕೆಯನ್ನು.

ಆ ಹೇಳಿಕೆ ಬರೆದುಕೊಳ್ಳಲು ಚಾಮುಂಡಿ, ಹಫೀಜ ಇಬ್ಬರೂ ಫ್ಲ್ಯಾಟಿಗೇ ಹೋಗಿದ್ದರು. ಬೆಳಗ್ಗೆ ಹನ್ನೊಂದು ಗಂಟೆ. ಕಿಟಕಿ ತೆರೆದಿತ್ತು, ಚಂಪಮ್ಮ ಜರಿಯಂಚಿನ ಸೀರೆ ಉಟ್ಟು ಕಾದಿದ್ದರು. ಹಫೀಜ ಲ್ಯಾಪ್‌ಟಾಪಿನಲ್ಲಿ ಒಂದೊಂದೇ ಖಾನೆ ತುಂಬಿಸುತ್ತ ಹೋದ. ಹೆಸರು, ವಯಸ್ಸು, ವಿಳಾಸ. ವೃತ್ತಿಯ ಖಾನೆ ಬಂದಾಗ ಕೇಳುವ ಗೋಜಿಗೆ ಹೋಗದೆ 'ಗೃಹಿಣಿ' ಎಂದು ಹಾಕಿದ. ಅವರ ಗುರುತಿನ ಚೀಟಿಯ ಜೊತೆಗಿದ್ದ ಹಳೆಯ ಕಾಗದಗಳಲ್ಲೆಲ್ಲ ಹಾಗೇ ಇತ್ತು.

ಚಾಮುಂಡಿ ಅವನ ಕೈ ತಡೆದಳು. "ಕೇಳೋಣ." ಮುದುಕಿಯ ಕಡೆ ಬಾಗಿ, "ಅಮ್ಮ, ನಿಮ್ಮ ಕೆಲಸ ಏನು ಅಂತ ಬರೀಬೇಕು?" ಎಂದಳು.

ಎಪ್ಪತ್ತನಾಲ್ಕು ವರ್ಷಗಳಲ್ಲಿ ಆ ಪ್ರಶ್ನೆಯನ್ನು ಚಂಪಮ್ಮನಿಗೆ ಯಾರೂ ಕೇಳಿರಲಿಲ್ಲ. ಸೆರಗನ್ನು ಹೆಗಲ ಮೇಲೆ ಸರಿಯಾಗಿ ಎಳೆದುಕೊಂಡು, ಕುರ್ಚಿಯಲ್ಲಿ ನೆಟ್ಟಗೆ ಕೂತರು.

"ಪೇಂಟರ್," ಎಂದರು. "ಅವನಿಗೆ ಹೇಳು, ದೊಡ್ಡ ಅಕ್ಷರದಲ್ಲಿ ಹಾಕ್ಲಿ."

ಹಫೀಜ 'ಗೃಹಿಣಿ' ಎಂದಿದ್ದುದನ್ನು ಅಳಿಸಿದ.